ಟಾಯ್ಲೆಟ್ ಆಸಿಡ್, ಬ್ಲೀಚಿಂಗ್ ಪೌಡರ್ ಒಂದೇ ಟೇಬಲ್ ಮೇಲೆ ಬೇಡ

ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಬರುವುದು ಯಾವಾಗಲೂ ಕೊನೇ ಗಳಿಗೆಯಲ್ಲೇ. ಸೋಮವಾರ ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ, ಗುರುವಾರ ಸ್ಟಾಲ್ ರೆಡಿ ಇರಬೇಕು. ಅನುದಾನ ಇಲ್ಲ. ‘ಮನೆಯಲ್ಲಿ ಸಿಗುವ ವಸ್ತು ಬಳಸಿ’ ಅಂತ ಒಂದು ಸಾಲು ಮಾತ್ರ ತಪ್ಪದೆ ಇರುತ್ತದೆ. ಮಕ್ಕಳ ಕೈಗೆ ಮೊದಲು ಸಿಗುವುದು ಬಚ್ಚಲುಮನೆಯ ಸಾಮಾನು. ಸೋಪು, ಸೋಡಾ, ಫಿನಾಯಿಲ್, ಟಾಯ್ಲೆಟ್ ಆಸಿಡ್, ಬ್ಲೀಚಿಂಗ್ ಪೌಡರ್.

ನಾನು ಕೋಲಾರ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿ. ಈ ಸಾಮಾನಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ ಜಾಸ್ತಿ ಅಂತ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಆ ಹಟಕ್ಕೆ ಕಾರಣ ಇದೆ.

ತಾಲ್ಲೂಕು ಮಟ್ಟದ ಪ್ರದರ್ಶನ. ಪಕ್ಕದ ಸ್ಟಾಲಿನಲ್ಲಿ ಬೇರೆ ಶಾಲೆಯ ಹುಡುಗರು ಜ್ವಾಲಾಮುಖಿ ಮಾಡಿದ್ದರು. ಜೇಡಿಮಣ್ಣಿನ ಗುಡ್ಡ, ಒಳಗೆ ಅಡುಗೆ ಸೋಡಾ, ಮೇಲಿಂದ ವಿನೆಗರ್. ಬಂದವರಿಗೆಲ್ಲಾ ಉಕ್ಕಿಸಿ ತೋರಿಸಿ, ತೀರ್ಪುಗಾರರು ಬರುವ ಹೊತ್ತಿಗೆ ಎರಡೂ ಖಾಲಿ. ಒಬ್ಬ ಹುಡುಗ ಓಡಿ ಹೋಗಿ ಶೌಚಾಲಯದ ಹತ್ತಿರವಿದ್ದ ಕ್ಲೀನರ್ ಬಾಟಲಿ, ಬಿಳಿ ಪುಡಿಯ ಡಬ್ಬಿ ತಂದ. ಡಬ್ಬಿಗೆ ಲೇಬಲ್ ಇರಲಿಲ್ಲ. ವಿನೆಗರ್ ಆಮ್ಲ, ಇದೂ ಆಮ್ಲ. ಸೋಡಾ ಬಿಳಿ, ಇದೂ ಬಿಳಿ. ಅವನ ಲೆಕ್ಕ ಅಷ್ಟೇ.

ನನಗೆ ಮೊದಲು ಬಂದಿದ್ದು ವಾಸನೆ. ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಪುಡಿ ಹಾಕಿದ ದಿನ ನಲ್ಲಿಯಲ್ಲಿ ಬರುತ್ತದಲ್ಲ, ಅದೇ ವಾಸನೆ. ಯಾರೋ ಶೌಚಾಲಯ ತೊಳೆಯುತ್ತಿದ್ದಾರೆ ಅಂದುಕೊಂಡು ಚಾರ್ಟ್ ಅಂಟಿಸುತ್ತಲೇ ಇದ್ದೆ. ಕಣ್ಣು ಉರಿಯಿತು. ತಿರುಗಿ ನೋಡಿದರೆ ಹುಡುಗ ಗುಡ್ಡದ ಬಾಯಿಗೆ ಮುಖ ಇಟ್ಟು ಬಗ್ಗಿದ್ದಾನೆ. ‘ಯಾಕೋ ಉಕ್ತಾನೇ ಇಲ್ಲ’ ಅಂತ ಇನ್ನಷ್ಟು ಸುರಿಯಲು ಬಾಟಲಿ ಎತ್ತಿದ್ದಾನೆ.

ಕೈ ಹಿಡಿದು ಎಳೆದೆ. ‘ಬಿಡೋ ಅದನ್ನ, ಹೊರಗೆ ನಡಿ!’ ಒಬ್ಬ ಮೇಷ್ಟ್ರು ಬಕೆಟ್ ನೀರು ತಂದರು, ಇನ್ನೊಬ್ಬರು ಗುಡ್ಡವನ್ನೇ ಎತ್ತಿ ಆಚೆ ಇಡಲು ಹೋದರು. ‘ಸಾರ್, ಅದು ಅಲ್ಲೇ ಇರಲಿ, ಮೊದಲು ಮಕ್ಕಳನ್ನ ಕಳಿಸಿ’ ಅಂತ ಕೂಗಿದೆ. ನನ್ನ ಜೀವ ಹೋದಂತಾಗಿದ್ದು ಟೇಬಲ್ ಮುಂದೆ ಜಮಖಾನದ ಮೇಲೆ ಕೂತಿದ್ದ ಪ್ರೈಮರಿ ಮಕ್ಕಳನ್ನು ನೋಡಿ. ಬ್ಲೀಚಿಂಗ್ ಪೌಡರಿಗೆ ಆಸಿಡ್ ತಾಗಿ ಎದ್ದಿದ್ದು ಕ್ಲೋರಿನ್ ಅನಿಲ, ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ಕೆಳಗೇ ಹರಡುತ್ತದೆ. ಹಾಜರಿ ಪಟ್ಟಿ ಒಳಗೇ ಉಳಿದಿತ್ತು. ಮೈದಾನದಲ್ಲಿ ಒಂದೊಂದು ಶಾಲೆಯವರೂ ಮಕ್ಕಳ ತಲೆ ಎಣಿಸಿ ಮುಗಿಸುವವರೆಗೆ ನನ್ನ ಕೈ ನಡುಗುತ್ತಲೇ ಇತ್ತು. ಕೆಮ್ಮುತ್ತಿದ್ದ ಹುಡುಗನನ್ನು ಆಸ್ಪತ್ರೆಯಲ್ಲಿ ಸಂಜೆವರೆಗೆ ಇಟ್ಟುಕೊಂಡು ಮನೆಗೆ ಕಳಿಸಿದರು.

ಹುಡುಗನನ್ನು ಬೈದು ಪ್ರಯೋಜನ ಇಲ್ಲ. ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಬ್ಲೀಚಿಂಗ್ ಪೌಡರ್ ಮಾಡುತ್ತಾರೆ ಅಂತ ಹತ್ತನೇ ತರಗತಿಯಲ್ಲಿ ಬರೆಸುತ್ತೇವೆ. ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆಮ್ಲ ತಾಗಿದರೆ ಕ್ಲೋರಿನ್ ಮತ್ತೆ ಹೊರಗೆ ಬರುತ್ತದೆ ಅಂತ ಎಷ್ಟು ಜನ ಹೇಳುತ್ತೇವೆ? 1915ರಲ್ಲಿ ಬೆಲ್ಜಿಯಂನಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಅಮೋನಿಯಾ ಇರುವ ಕ್ಲೀನರ್ ಜೊತೆ ಬ್ಲೀಚ್ ಸೇರಿದರೂ ವಿಷದ ಅನಿಲವೇ ಬರುವುದು. ಆವತ್ತಿನ ತೀರ್ಪುಗಾರರ ಹಾಳೆಯಲ್ಲಿ ಆಕರ್ಷಣೆಗೆ ಅಂಕ ಇತ್ತು, ಸುರಕ್ಷತೆಗೆ ಕಾಲಮ್ಮೇ ಇರಲಿಲ್ಲ. ಒಂದು ಕಾಲಮ್ ಸೇರಿಸಿ ಅಂತ ಸಮಾಲೋಚನಾ ಸಭೆಯಲ್ಲಿ ಕೇಳಿದೆ. ‘ನೋಡೋಣ ಮೇಡಂ’ ಅಂದರು.

ಉಕ್ಕಿಸುವುದು, ಹೊಗೆ ಬರಿಸುವುದು ಬಿಟ್ಟು ಅಳೆಯುವುದನ್ನು ಕೊಡಿ. ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ವಿಷಯ ಗಡಸು ನೀರು. ಸಾವಿರ ಅಡಿ ಕೊರೆದ ಬೋರ್‌ವೆಲ್ ನೀರು ಯಾವ ಮನೆಯಲ್ಲಿಲ್ಲ ಹೇಳಿ? ಒಂದೇ ಅಳತೆಯ ಮೂರು ಬಾಟಲಿಯಲ್ಲಿ ಬೋರ್ ನೀರು, ಆರ್‌ಒ ನೀರು, ಮಳೆ ನೀರು. ಮೈಸೂರ್ ಸ್ಯಾಂಡಲ್ ತುರಿದು ಕರಗಿಸಿ, ಡ್ರಾಪರ್‌ನಲ್ಲಿ ಹನಿ ಹನಿ ಹಾಕಿ ಕುಲುಕಬೇಕು. ನೊರೆ ನಿಲ್ಲುವುದಕ್ಕೆ ಎಷ್ಟು ಹನಿ ಬೇಕಾಯಿತು ಅಂತ ಬರೆಯಬೇಕು. ಮಳೆ ನೀರು ಬೇಗ ನೊರೆ ಕಟ್ಟುತ್ತದೆ. ಬೋರ್ ನೀರಿನಲ್ಲಿ ಮೊದಲು ಹಾಲು ಒಡೆದ ಹಾಗೆ ಬಿಳಿ ಕಣ ಕಾಣುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಂಡು ಬಿಟ್ಟಿವೆ. ಅದೇ ನೀರಿಗೆ ಚೂರು ವಾಷಿಂಗ್ ಸೋಡಾ ಹಾಕಿ, ಸೋಸಿ, ಮತ್ತೆ ಎಣಿಸಿದರೆ ಹನಿ ಕಡಿಮೆ ಸಾಕು.

ಒಂದು ಎಚ್ಚರ. ಹ್ಯಾಂಡ್‌ವಾಶ್, ಶಾಂಪೂ, ಬಟ್ಟೆ ಪುಡಿ ಸೋಪಲ್ಲ, ಡಿಟರ್ಜೆಂಟ್. ಗಡಸು ನೀರಿನಲ್ಲೂ ನೊರೆ ಬರುತ್ತದೆ. ಅದನ್ನು ಗೊತ್ತಿಲ್ಲದೆ ಹಾಕಿದರೆ ಪ್ರಯೋಗ ಕೆಡುತ್ತದೆ, ಗೊತ್ತಿದ್ದು ಹಾಕಿದರೆ ಇನ್ನೊಂದು ಪ್ರಯೋಗ ಆಗುತ್ತದೆ.

ಈ ಸಲ ಎಂಟನೇ ತರಗತಿಯ ಹುಡುಗಿಯೊಬ್ಬಳು ಮನೆಯ ಹಂಡೆಯಿಂದ, ಗಡಸು ನೀರು ಕಾಯಿಸಿ ಕಾಯಿಸಿ ಕಟ್ಟಿದ ಬಿಳಿ ಚಕ್ಕೆ ಕೆತ್ತಿಕೊಂಡು ಬಂದಿದ್ದಾಳೆ. ನಿಂಬೆರಸ ಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತದೆ. ‘ಮಿಸ್, ಹುಣಸೆಹಣ್ಣಿಗೂ ಕರಗುತ್ತಾ?’ ಅಂದಳು. ಒಂದೇ ತೂಕದ ಚಕ್ಕೆ ತೂಗಿ, ನಿಂಬೆ, ಹುಣಸೆ, ವಿನೆಗರ್ ಮೂರನ್ನೂ ಶುಕ್ರವಾರದ ಪ್ರಾಕ್ಟಿಕಲ್ ಪೀರಿಯಡ್‌ನಲ್ಲಿ ನೋಡುತ್ತೇವೆ.