ಬೀದಿಗೆ ಚಾಚಿಕೊಂಡ ಮೂರು ಬಾಲ್ಕನಿಗಳು

18 ಫೆಬ್ರವರಿ 2024, ಭಾನುವಾರ
ಮಾಸ್ಕೋ

ಇವತ್ತು ಮತ್ತೆ ರುಸಾಕೋವ್ ಕ್ಲಬ್ ಅನ್ನುವ ಹಳೆಯ ಕಾರ್ಮಿಕರ ಕ್ಲಬ್ ಕಟ್ಟಡದ ಹತ್ತಿರ ಹೋಗಿದ್ದೆ. ಹಿಂದೆ ಎರಡು ಸಲ ಟ್ರಾಮ್ ಕಿಟಕಿಯಿಂದ ನೋಡಿದ್ದಷ್ಟೇ. ಇವತ್ತು ರಜೆ, ಸೊಕೋಲ್ನಿಕಿ ಮೆಟ್ರೋದಲ್ಲಿ ಇಳಿದು ಸ್ತ್ರೊಮಿಂಕಾ ಬೀದಿಯಲ್ಲಿ ನಡೆದೇ ಹೋದೆ. ತುಳಿದು ತುಳಿದು ಹಿಮ ಗಟ್ಟಿಯಾಗಿತ್ತು. ಜಾರದ ಹಾಗೆ ನೆಲ ನೋಡುತ್ತಾ ನಡೆದು, ಒಮ್ಮೆ ತಲೆ ಎತ್ತಿದರೆ ಎದುರಿಗೇ ಇತ್ತು.

ಹೇಗಿದೆ ಅಂತ ಹೇಳುವುದು ಸ್ವಲ್ಪ ಕಷ್ಟ. ನಮ್ಮೂರ ಟಾಕೀಸಿನ ಬಾಲ್ಕನಿ ನೆನಪು ಮಾಡಿಕೊಳ್ಳಿ. ಒಳಗೆ ಸೀಟುಗಳು ಸಾಲು ಸಾಲಾಗಿ ಮೇಲಕ್ಕೆ ಏರುತ್ತವೆ, ಆದರೆ ಹೊರಗಿನಿಂದ ನೋಡಿದರೆ ಬರೀ ಗೋಡೆ, ಒಳಗೆ ಬಾಲ್ಕನಿ ಇದೆ ಅಂತ ಗೊತ್ತೇ ಆಗುವುದಿಲ್ಲ. ಇಲ್ಲಿ ಬಾಲ್ಕನಿಯೇ ಗೋಡೆ ದಾಟಿ ಬೀದಿಯ ಮೇಲಕ್ಕೆ ಬಂದುಬಿಟ್ಟಿದೆ. ಒಂದಲ್ಲ, ಮೂರು. ದೊಡ್ಡ ಕಾಂಕ್ರೀಟ್ ಬೆಣೆಗಳ ಹಾಗೆ. ಕೆಳಗೆ ಒಂದು ಕಂಬವೂ ಇಲ್ಲ. ಕಿಟಕಿಯ ಮೇಲಿನ ಸಜ್ಜಾ ಗೋಡೆಯ ಹಿಡಿತದಲ್ಲೇ ನಿಲ್ಲುತ್ತದಲ್ಲ, ಅದೇ ಲೆಕ್ಕ. ಆದರೆ ಈ ಸಜ್ಜಾ ಜನರನ್ನು ಕೂರಿಸಿಕೊಂಡು ನಿಲ್ಲಬೇಕು. ಅದರ ಕೆಳಗೆ ನಿಂತು ಮೇಲೆ ನೋಡಿದಾಗ, ಒಳಗಿನ ಸೀಟಿನ ಇಳಿಜಾರೇ ನನ್ನ ನೆತ್ತಿಯ ಮೇಲಿದೆ ಅಂತ ಹೊಳೆದು ಮೈ ಜುಮ್ಮೆಂದಿತು.

ಕಟ್ಟಿದ್ದು 1927ರಿಂದ 1929ರ ನಡುವೆ. ನಕ್ಷೆ ಕೊನ್‌ಸ್ತಾಂತಿನ್ ಮೆಲ್ನಿಕೋವ್ ಅವರದು. ಕಟ್ಟಿಸಿದ್ದು ಕಾರ್ಮಿಕ ಸಂಘ. ಹೆಸರು ಇವಾನ್ ರುಸಾಕೋವ್ ಅವರದು. ಅವರು ಇದೇ ಸೊಕೋಲ್ನಿಕಿಯಲ್ಲಿದ್ದ ಡಾಕ್ಟರು, ಲೆನಿನ್ ಅವರ ಬೊಲ್ಶೆವಿಕ್ ಪಕ್ಷದವರು, 1921ರಲ್ಲಿ ಹಡಗುಪಡೆಯ ನೆಲೆಯಾದ ಕ್ರೋನ್‌ಸ್ತಾದ್‌ನಲ್ಲಿ ಸತ್ತರು. ಕ್ಲಬ್ ಅಂದರೆ ನಮ್ಮ ಕಡೆಯ ಇಸ್ಪೀಟಿನ ಕ್ಲಬ್ ಅಲ್ಲ. ಪಾಳಿ ಮುಗಿಸಿದ ಕೆಲಸಗಾರ ಹೆಂಡದಂಗಡಿಗೆ ಹೋಗುವ ಬದಲು ಇಲ್ಲಿಗೆ ಬರಲಿ, ಪೇಪರ್ ಓದಲಿ, ಭಾಷಣ ಕೇಳಲಿ, ತಾನೇ ನಾಟಕ ಆಡಲಿ ಅನ್ನುವುದು ಅವತ್ತಿನ ಆಸೆ. ಇಲ್ಲಿಗೆ ಬರುತ್ತಿದ್ದವರಲ್ಲಿ ಟ್ರಾಮ್ ಕೆಲಸಗಾರರು ಇದ್ದರು. ನಾನು ಅಲ್ಲಿ ನಿಂತಿದ್ದಾಗಲೂ ಟ್ರಾಮ್ ಗಂಟೆ ಬಾರಿಸಿಕೊಂಡು ಹೋಯಿತು. ಸುಮ್ನೆ ಖುಷಿಯಾಯಿತು.

ಒಳಗಿನ ಹಾಲ್ ಬೀಸಣಿಗೆಯ ಆಕಾರ. ಕಿರಿದಾದ ಹಿಡಿಯ ಕಡೆ ರಂಗ, ಅಗಲದ ಕಡೆ ಜನ. ಮೂರು ಬೆಣೆಗಳು ಆ ಬೀಸಣಿಗೆಯ ಅಂಚು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮೆಲ್ನಿಕೋವ್ ಅವರ ಇನ್ನೊಂದು ಯೋಚನೆ. ಸರಿಯುವ ಗೋಡೆಗಳನ್ನಿಟ್ಟು ಒಂದೇ ಹಾಲನ್ನು ಬೇಕೆಂದಾಗ ಸಣ್ಣ ಸಣ್ಣ ಕೋಣೆಗಳಾಗಿ ಒಡೆಯಬೇಕು, ಒಂದರಲ್ಲಿ ಸಭೆ, ಇನ್ನೊಂದರಲ್ಲಿ ಪಾಠ, ಇವರ ಸದ್ದು ಅವರಿಗೆ ಕೇಳಬಾರದು, ದೊಡ್ಡ ನಾಟಕವಿದ್ದ ದಿನ ಎಲ್ಲಾ ತೆಗೆದು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರಬೇಕು. ಅದು ಅವರು ಅಂದುಕೊಂಡ ಹಾಗೆ ಪೂರ್ತಿ ಆಗಲಿಲ್ಲ. ಆದರೂ ಸಣ್ಣ ಗುಂಪು ಖಾಲಿ ಹಾಲಿನಲ್ಲಿ ಮಂಕಾಗಿ ಕೂರಬಾರದು ಅಂತ ಯಾರೋ ಒಬ್ಬರು ಯೋಚಿಸಿದ್ದರಲ್ಲ!

ಮೆಲ್ನಿಕೋವ್ ಕಥೆ ನೆನೆದರೆ ಹೊಟ್ಟೆ ಉರಿಯುತ್ತದೆ. 1925ರಲ್ಲಿ ಪ್ಯಾರಿಸ್ ಪ್ರದರ್ಶನದ ಸೋವಿಯತ್ ಮಂಟಪ ಅವರದೇ. ಕೆಲವೇ ವರ್ಷಗಳಲ್ಲಿ ಒಂದಾದ ಮೇಲೊಂದು ಕ್ಲಬ್ ಕಟ್ಟಿದರು. ಆಮೇಲೆ ಗಾಳಿ ಬದಲಾಯಿತು. ಕಂಬಗಳು, ಅರಮನೆಯಂಥ ಮುಖಗಳು ಬೇಕಾದವು. ರೂಪದ ಹುಚ್ಚು ಅಂತ ಇವರ ಮೇಲೆ ಆರೋಪ ಬಂತು, 1930ರ ದಶಕ ಮುಗಿಯುವ ಮೊದಲೇ ಕಟ್ಟುವ ಕೆಲಸ ಕೈತಪ್ಪಿತು. ಅವರು ತೀರಿಕೊಂಡಿದ್ದು 1974ರಲ್ಲಿ. ಅಷ್ಟೂ ವರ್ಷ, ಮಾಸ್ಕೋದ ಅರ್ಬಾತ್ ಬೀದಿಯ ಹತ್ತಿರ ತಾವೇ ಕಟ್ಟಿಕೊಂಡಿದ್ದ ಆ ದುಂಡನೆಯ ಮನೆಯಲ್ಲಿ, ಕಟ್ಟಬಲ್ಲ ಮನುಷ್ಯ ಕಟ್ಟದೆ ಕೂತಿದ್ದರು.

ಕಟ್ಟಡಕ್ಕೂ ಕಷ್ಟ ತಪ್ಪಲಿಲ್ಲ. ಎಷ್ಟೋ ಕಾಲ ಸೊರಗಿತ್ತು. 1990ರ ದಶಕದಲ್ಲಿ ರೊಮಾನ್ ವಿಕ್ತ್ಯೂಕ್ ಅವರ ನಾಟಕ ತಂಡಕ್ಕೆ ಸಿಕ್ಕಿತು, 2010ರ ದಶಕದಲ್ಲಿ ದೊಡ್ಡ ದುರಸ್ತಿ ಆಯಿತು. ವಿಕ್ತ್ಯೂಕ್ 2020ರ ನವೆಂಬರ್‌ನಲ್ಲಿ ತೀರಿಕೊಂಡರು. ನಾಟಕ ನಿಂತಿಲ್ಲ. ಬೆಣೆಗಳ ಮೇಲೆ ಹಳೆಯ ಕಾರ್ಮಿಕ ಸಂಘದ ದೊಡ್ಡ ದೊಡ್ಡ ಅಕ್ಷರಗಳು, ಬಾಗಿಲಲ್ಲಿ ಇವತ್ತಿನ ನಾಟಕದ ಪೋಸ್ಟರ್. ನನಗೆ ಎರಡೂ ಇರಲಿ ಅನ್ನಿಸಿತು. ಇದನ್ನು ಬರೀ ಮ್ಯೂಸಿಯಂ ಮಾಡಿದ್ದರೆ ಸಂಜೆ ಆರಕ್ಕೆ ಬೀಗ ಬೀಳುತ್ತಿತ್ತು ಅಲ್ವಾ?

ಸಂಜೆಯವರೆಗೂ ಅಲ್ಲೇ ಸುತ್ತಾಡಿದೆ. ಕತ್ತಲಾಗುತ್ತಿದ್ದ ಹಾಗೆ ಒಳಗೆ ದೀಪ ಹತ್ತಿತು. ಜನ ಬರತೊಡಗಿದರು, ಬೂಟಿನ ಹಿಮ ಕೊಡವಿ ಒಳಗೆ ಹೋದರು. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದರು.

ಇವತ್ತಿನ ಆಟಕ್ಕೆ ಟಿಕೆಟ್ ಇರಲಿಲ್ಲ. ಮುಂದಿನ ಶನಿವಾರಕ್ಕೆ ತೆಗೆದುಕೊಂಡೆ, ಎಲ್ಲಕ್ಕಿಂತ ಹಿಂದಿನ ಸಾಲು ಕೊಡಿ ಅಂತ ಕೇಳಿ. ವಾಪಸ್ ಟ್ರಾಮ್‌ನಲ್ಲೇ ಬಂದೆ.