ಕಪಾಟಿನ ಕೆಳಸಾಲು

ವಿಮಾನ ನಿಲ್ದಾಣದ ಪುಸ್ತಕದಂಗಡಿಗೆಂದೇ ಮನೆಯಿಂದ ಹೊರಡುವವರು ಯಾರೂ ಇರಲಾರರು. ತಪಾಸಣೆ ಮುಗಿದು, ಬಿಚ್ಚಿದ ಬೆಲ್ಟನ್ನು ಮತ್ತೆ ಬಿಗಿದುಕೊಂಡ ಮೇಲೆ ಕೈಯಲ್ಲಿ ಉಳಿಯುವ ಮುಕ್ಕಾಲು ಗಂಟೆಯೇ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಕೊಂಡ ಪುಸ್ತಕವನ್ನು ಅದೇ ಹೊತ್ತಿನಲ್ಲಿ ಓದಲು ಕೂರುವಂತಹ ಅಂಗಡಿ ಇದರಂತೆ ಮತ್ತೊಂದಿಲ್ಲ.

ಕಾಯುವವನಿಗೆ ಪುಸ್ತಕ ಮಾರುವ ಈ ಕಸುಬು ರೈಲಿನ ಕಾಲದ್ದು. 1848ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕ ಮಳಿಗೆ ತೆರೆದ ಡಬ್ಲ್ಯು.ಎಚ್. ಸ್ಮಿತ್ ಸಂಸ್ಥೆಯು 2025ರಲ್ಲಿ ಬ್ರಿಟನ್ನಿನ ಪೇಟೆಬೀದಿಗಳ ಅಂಗಡಿಗಳನ್ನು ಮಾರಿಬಿಟ್ಟು, ವಿಮಾನ ಮತ್ತು ರೈಲು ನಿಲ್ದಾಣಗಳಂತಹ ಪ್ರಯಾಣಿಕರ ತಾಣಗಳ ಮಳಿಗೆಗಳನ್ನು ಉಳಿಸಿಕೊಂಡಿತು.

ಆದರೆ ಇಲ್ಲಿಯ ಜಾಗ ದುಬಾರಿ. ನಿಲ್ದಾಣದವರು ಸಾಮಾನ್ಯವಾಗಿ ಮಾರಾಟದಲ್ಲಿ ಪಾಲು ಕೇಳುತ್ತಾರೆ, ಜೊತೆಗೆ ಇಂತಿಷ್ಟು ಕನಿಷ್ಠ ಮೊತ್ತ ಬಂದೇ ಬರಬೇಕೆಂಬ ಕರಾರೂ ಇರುತ್ತದೆ. ಆದ್ದರಿಂದ ಕತ್ತಿನ ದಿಂಬು, ಚಾಕೊಲೇಟುಗಳ ನಡುವೆ ನಿಂತ ಪುಸ್ತಕವೂ ತಾನು ನಿಂತ ನೆಲದ ಬಾಡಿಗೆಯನ್ನು ದುಡಿಯಲೇಬೇಕು, ದುಡಿಯದಿದ್ದರೆ ಕೆಲವೇ ವಾರಗಳಲ್ಲಿ ಪ್ರಕಾಶಕರಿಗೆ ಮರಳಬೇಕು. ಬಾಗಿಲ ಬಳಿಯ ಮೇಜಿನ ಮೇಲೆ ಮುಖಪುಟ ತೋರಿಸಿ ನಿಲ್ಲುವ ಭಾಗ್ಯಕ್ಕೆ ಎಷ್ಟೋ ಕಡೆ ಪ್ರಕಾಶಕರೇ ಹಣ ತೆರುತ್ತಾರೆ. ಅಂಗಡಿಯವರ ಮೆಚ್ಚುಗೆಯೆಂದು ನಾನು ಬಹುಕಾಲ ನಂಬಿದ್ದ ಸಾಲು ಜಾಹೀರಾತೆಂದು ತಿಳಿದಾಗ ತುಸು ಪೆಚ್ಚಾದೆ.

ಈ ಅಂಗಡಿಗಳಿಗೆಂದೇ ಇರುವ ಒಂದು ಆಕಾರವೂ ಉಂಟು. ಗಟ್ಟಿ ರಟ್ಟಿನ ಪುಸ್ತಕವಷ್ಟೇ ಹೊರಬಂದು, ಅಗ್ಗದ ಪುಟ್ಟ ಆವೃತ್ತಿಗೆ ಇನ್ನೂ ತಿಂಗಳುಗಳಿರುವಾಗ, ಅಷ್ಟೇ ದೊಡ್ಡ ಅಳತೆಯಲ್ಲಿ ಮೆತ್ತನೆಯ ಹೊದಿಕೆ ಹಾಕಿ ರಫ್ತಿಗೂ ವಿಮಾನ ನಿಲ್ದಾಣಗಳಿಗೂ ಕಳಿಸುವುದನ್ನು ಪ್ರಕಾಶಕರು ಏರ್‌ಪೋರ್ಟ್ ಆವೃತ್ತಿ ಎನ್ನುತ್ತಾರೆ. ಅಮೆರಿಕದ ಪ್ಯಾರಡೀಸ್ ಮಳಿಗೆಗಳು ಇನ್ನೂ ಜಾಣ ಉಪಾಯ ಹೂಡಿದ್ದವು: ಓದಿದ ಪುಸ್ತಕವನ್ನು ಆರು ತಿಂಗಳೊಳಗೆ ರಸೀದಿಯೊಡನೆ ತಂದರೆ ಅರ್ಧ ಹಣ ವಾಪಸು. ಹೋದವನು ಅದೇ ದಾರಿಯಲ್ಲಿ ಮರಳುತ್ತಾನೆ ಎಂಬ ಲೆಕ್ಕ ಅದು.

ಹಾಗಾದರೆ ಹುಡುಕಾಟಕ್ಕೆ ಎಡೆಯೆಲ್ಲಿ? ನನ್ನ ಅನುಭವದಲ್ಲಿ ಅದು ಕಪಾಟಿನ ಕೆಳಸಾಲಿನಲ್ಲಿದೆ. ಅಲ್ಲಿ ಪುಸ್ತಕಗಳು ಬೆನ್ನು ತೋರಿಸಿ ನಿಂತಿರುತ್ತವೆ, ಬಗ್ಗಿದವನಿಗಷ್ಟೇ ಹೆಸರು ಕಾಣುತ್ತದೆ. ಒಮ್ಮೆ ವಿಮಾನ ಮೂರು ಗಂಟೆ ತಡವಾದಾಗ, ಯಶಸ್ಸಿನ ಗುಟ್ಟು ಹೇಳುವ ಪುಸ್ತಕಗಳ ಗುಡ್ಡವನ್ನು ದಾಟಿ, ಮೊಣಕಾಲೂರಿ ನೋಡುತ್ತಿದ್ದವನಿಗೆ ಭೂಪಟ ತಯಾರಿಕೆಯ ಚರಿತ್ರೆಯೊಂದು ಸಿಕ್ಕಿತು. ಬೇರೆಲ್ಲೇ ಆಗಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ, ಏಕೆಂದರೆ ದೊಡ್ಡ ಅಂಗಡಿಯಲ್ಲಿ ನಾನು ನೇರವಾಗಿ ಕಾದಂಬರಿಗಳ ಕಡೆಗೇ ನಡೆಯುವವನು. ವಿಮಾನ ಹತ್ತಲು ಕರೆ ಬಂದಾಗ ಎರಡನೆಯ ಅಧ್ಯಾಯದಲ್ಲಿದ್ದೆ. ಪುಟ ತಪ್ಪದಿರಲೆಂದು ಬೋರ್ಡಿಂಗ್ ಪಾಸನ್ನೇ ನಡುವೆ ಇಟ್ಟು, ಬಾಗಿಲ ಬಳಿ ಅದಕ್ಕಾಗಿ ಜೇಬುಗಳನ್ನೆಲ್ಲ ತಡಕಾಡಿದೆ.