ಐದು ಕ್ಯಾನ್ ಕುಡಿಯುವ ನೀರು

ನಮ್ಮ ಕ್ಲಿನಿಕ್ಕಿನ ಖರ್ಚಿನ ಪುಸ್ತಕದಲ್ಲಿ, ಕಳೆದ ಮೇ ತಿಂಗಳ ಪುಟದಲ್ಲಿ, ಕೆಂಪು ಶಾಯಿಯ ಸಾಲೊಂದಿದೆ: ‘ಕುಡಿಯುವ ನೀರು, 5 ಕ್ಯಾನ್. ಕಾರಣ ತಿಳಿಸುವುದು.’ ‘ತುರ್ತು’ ಎಂದಷ್ಟೇ ಬರೆದು ಸಹಿ ಹಾಕಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಳ್ಳಾರಿಯಲ್ಲಿ ನಾಯಿಗಳನ್ನು ನೀರಿನೊಳಗೆ ನಡೆಸುವುದು ನನ್ನ ಕೆಲಸ: ಕಾಲು, ಬೆನ್ನು ಕೆಟ್ಟ ನಾಯಿಗಳನ್ನು ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ, ಚಲಿಸುವ ಬೆಲ್ಟಿನ ಮೇಲೆ ನಡೆಸುವ ಚಿಕಿತ್ಸೆ. ಮನುಷ್ಯರೇ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಊರಿನಲ್ಲಿ ನಾಯಿಗೆ ಸಾವಿರ ಲೀಟರಿನ ತೊಟ್ಟಿಯೇ ಎಂದು ನೆಂಟರು ನಗುತ್ತಾರೆ. ನಗಲಿ. ಡಿಸ್ಕ್ ಜಾರಿ ಹಿಂಗಾಲು ಎಳೆಯುತ್ತಿದ್ದ ಡ್ಯಾಷ್‌ಹುಂಡ್ ಆ ತೊಟ್ಟಿಯಲ್ಲಿ ಮೊದಲ ಹೆಜ್ಜೆ ಇಟ್ಟದ್ದನ್ನು ಅವರು ನೋಡಿಲ್ಲ.

ಯಂತ್ರ ಮಾತ್ರ ಚಳಿ ದೇಶದವರು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು. ಹೀಟರ್ ಇದೆ, ನೀರು ತಣಿಸುವ ಚಿಲ್ಲರ್ ಇಲ್ಲ. ನೀರು 28ರಿಂದ 32 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು; ನಮಗೆ ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಅಷ್ಟೇ. ಚಿಲ್ಲರ್ ಕೊಡಿಸಿ ಎಂದು ಎರಡು ಬಾರಿ ಬರೆದುಕೊಟ್ಟೆ. ಆಡಳಿತದವರು ಸ್ವಾಗತ ಕೊಠಡಿಯ ಗೋಡೆಗೆ ನಾಯಿಯ ಪಂಜದ ಗುರುತುಗಳನ್ನು ಬರೆಸಿದರು.

ಅಂದು ಬಂದವನು ಗುಂಡ. ಒಂಬತ್ತು ವರ್ಷದ ಲ್ಯಾಬ್ರಡಾರ್, 41 ಕಿಲೋ, ಟಿಪಿಎಲ್‌ಒ ಎಂಬ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿ ಆರನೆಯ ವಾರ. ಯಜಮಾನರು ಸಂಡೂರಿನ ಕಡೆಯವರು, ಗಣಿ ಕೆಲಸದಿಂದ ನಿವೃತ್ತರು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ನಂತರ ತೊಟ್ಟಿ ಮುಟ್ಟಬಾರದು ಎಂಬುದು ನಾವೇ ಮಾಡಿಕೊಂಡಿದ್ದ ಕಟ್ಟಳೆ. ಆದರೆ ಬಂದವರನ್ನು ವಾಪಸು ಕಳುಹಿಸಬಾರದು ಎಂಬುದು ಮೇಲಿನವರ ಕಟ್ಟಳೆ. ಮಧ್ಯಾಹ್ನ ಎರಡೂವರೆಗೆ ಗುಂಡನನ್ನು ಇಳಿಸಿದೆ. ಕೆಳಗಿನ ಸಂಗ್ರಹ ತೊಟ್ಟಿಯ ನೀರು ಸಾಲದೆ, ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ನೀರನ್ನು ನೇರವಾಗಿ ಬಿಟ್ಟುಕೊಂಡಿದ್ದೆ. ಪರದೆ 30 ಡಿಗ್ರಿ ತೋರಿಸುತ್ತಿತ್ತು. ಅದರ ಸೆನ್ಸರ್ ಕೂತಿರುವುದು ಕೆಳಗಿನ ತೊಟ್ಟಿಯಲ್ಲಿ, ನಾಯಿ ನಿಂತಿರುವ ತೊಟ್ಟಿಯಲ್ಲಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪರದೆಯನ್ನು ನೋಡಿ 30 ಎಂದು ಬರೆದುಕೊಂಡೆ.

ಐದನೆಯ ನಿಮಿಷದಲ್ಲಿ ಗುಂಡ ಬೆಲ್ಟಿನ ವೇಗಕ್ಕಿಂತ ಹಿಂದೆ ಬಿದ್ದ. ಫೈಲಿನ ಮೇಲೆ ನಮ್ಮವರೇ ಯಾರೋ ‘ಸೋಮಾರಿ’ ಎಂದು ಬರೆದಿದ್ದರು. ಬಿಸ್ಕತ್ತು ತೋರಿಸಿದೆ, ಮೂಸಲಿಲ್ಲ. ಲ್ಯಾಬ್ರಡಾರ್ ಬಿಸ್ಕತ್ತಿಗೆ ಮುಖ ತಿರುಗಿಸಿದರೆ ಅಲ್ಲಿಗೇ ಎಲ್ಲವನ್ನೂ ನಿಲ್ಲಿಸಬೇಕು. ನಾನು ಬೇರೆ ಲೆಕ್ಕ ಹಾಕಿದೆ: ಕಾಲು ನೋಯುತ್ತಿದೆ, ಭಾರ ಇಳಿಸೋಣ. ನೀರು ಸೊಂಟದ ಮಟ್ಟಕ್ಕೆ ಬಂದರೆ ಕಾಲುಗಳ ಮೇಲೆ ಬೀಳುವುದು ಮೈತೂಕದ ಶೇ. 38ರಷ್ಟೇ, ಮೊಣಕಾಲಿನ ಮಟ್ಟದಲ್ಲಿ ಶೇ. 85. ಆ ಅಂಕಿಯನ್ನು ಯಜಮಾನರಿಗೂ ಹೆಮ್ಮೆಯಿಂದ ಹೇಳಿ, ಮೇಲಿನ ವಾಲ್ವ್ ತಿರುಗಿಸಿ ಇನ್ನಷ್ಟು ನೀರು ಬಿಟ್ಟೆ. ಅಂದರೆ, ಬೇಯುತ್ತಿದ್ದವನಿಗೆ ಎಸರು ಹೆಚ್ಚಿಸಿದೆ.

ಎಂಟನೆಯ ನಿಮಿಷಕ್ಕೆ ನಾಲಿಗೆ ಕಂಡಿತು. ನಾಯಿ ದಣಿದಾಗ ನಾಲಿಗೆ ಉದ್ದವಾಗುತ್ತದೆ, ಸರಿ. ಇದು ತುದಿಯಲ್ಲಿ ಸಲಿಕೆಯಂತೆ ಅಗಲವಾಗಿ, ಅಂಚು ಮೇಲಕ್ಕೆ ಮಡಚಿಕೊಂಡಿತ್ತು. ಜೊಲ್ಲು ಹಗ್ಗದಂತೆ ಗಟ್ಟಿಯಾಗಿ ಗಾಜಿಗೆ ಅಂಟಿತ್ತು. ತುಟಿ ಎತ್ತಿದರೆ ಒಸಡು ಇಟ್ಟಿಗೆಯ ಕೆಂಪು. ಆಗ ತೋಳನ್ನು ನೀರಿನೊಳಗೆ ಇಳಿಸಿದೆ. ಬಾಣಂತಿಗೆ ಕಾಯಿಸಿದ ನೀರಿನಂತಿತ್ತು.

ಕೆಂಪು ಗುಂಡಿ ಒತ್ತಿದೆ. ಬೆಲ್ಟ್ ನಿಂತಿತು. ಬಾಗಿಲು ಮಾತ್ರ ನೀರು ಪೂರ್ತಿ ಇಳಿಯುವವರೆಗೆ ತೆರೆಯುವುದಿಲ್ಲ. ಪಂಪು ಎಳೆಯುತ್ತಿತ್ತು, ನಿಧಾನವಾಗಿ, ಏಕೆಂದರೆ ಬೆಳಿಗ್ಗೆ ತೆಗೆಯಬೇಕಿದ್ದ ಕೂದಲನ್ನು ನಾನು ಫಿಲ್ಟರಿನಲ್ಲಿಯೇ ಬಿಟ್ಟಿದ್ದೆ. ಗಾಜಿನ ಮೇಲಿಂದ ಒಳಗೆ ಹಾರಿ ಗುಂಡನ ಗದ್ದವನ್ನು ಹೆಗಲಿಗೆ ಆನಿಸಿಕೊಂಡು ನಿಂತೆ. ಅವನ ಉಸಿರು ನನ್ನ ಕಿವಿಯೊಳಗೆ ಗರಗಸದಂತೆ ಓಡುತ್ತಿತ್ತು. ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕಾದ ಪ್ರಾಣಿ ಅದು. ಆವಿ ತುಂಬಿದ ಆ ಕೋಣೆಯಲ್ಲಿ ಎಷ್ಟು ಏದಿದರೂ ತಣಿಯುವುದೆಲ್ಲಿಂದ? ಯಜಮಾನರು ಗಾಜಿನಾಚೆ ನಿಂತು ‘ಇದೂ ಚಿಕಿತ್ಸೆಯ ಭಾಗವೇ?’ ಎಂದು ಮೆಲ್ಲಗೆ ಕೇಳಿದರು. ಉತ್ತರಿಸಲಿಲ್ಲ. ನಾಲ್ಕು ನಿಮಿಷ ಹಿಡಿಯಿತಂತೆ. ನನ್ನನ್ನು ಕೇಳಿದ್ದರೆ ಇಪ್ಪತ್ತು ಎನ್ನುತ್ತಿದ್ದೆ.

ಹೊರಗೆ ತಂದಾಗ 106 ಫ್ಯಾರನ್‌ಹೀಟ್. ಮೈಮೇಲೆ ಸುರಿಯಲು ನಲ್ಲಿ ತಿರುಗಿಸಿದರೆ ಅಲ್ಲಿಯೂ ತಾರಸಿಯ ಅದೇ ನೀರು. ಇಡೀ ಕಟ್ಟಡದಲ್ಲಿ ತಣ್ಣಗಿದ್ದದ್ದು ಎಸಿ ಹಾಕಿದ್ದ ಸ್ವಾಗತ ಕೊಠಡಿಯ ಮೂಲೆಯ ಕ್ಯಾನುಗಳು. ಸಹಾಯಕ ಹುಡುಗ ಎರಡೆರಡನ್ನು ಎಳೆದು ತಂದ. ಹೊಟ್ಟೆ, ತೊಡೆಯ ಸಂದು, ಕಂಕುಳಿಗೆ ಸುರಿದು ಫ್ಯಾನ್ ಹಚ್ಚಿದೆವು. ಡಾಕ್ಟರು ಡ್ರಿಪ್ ಹಾಕಿದರು. 103ಕ್ಕೆ ಇಳಿದ ಕೂಡಲೇ ‘ಸಾಕು, ಒರೆಸಿ’ ಎಂದರು. ಅಲ್ಲಿ ನಿಲ್ಲಿಸದಿದ್ದರೆ ಮೈ ಇನ್ನೊಂದು ಕಡೆಗೆ, ಅತಿ ತಂಪಿಗೆ, ಜಾರುತ್ತದೆ. ಗುಂಡ ಎರಡು ರಾತ್ರಿ ನಮ್ಮಲ್ಲಿಯೇ ಇದ್ದ. ರಕ್ತ ಪರೀಕ್ಷೆಯ ವರದಿ ಬರುವವರೆಗೆ ನನಗೆ ಊಟ ಸೇರಲಿಲ್ಲ.

ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿದೆ, ವಾಲ್ವ್ ತಿರುಗಿಸಿದ್ದನ್ನೂ ಸೇರಿಸಿ. ಆಡಳಿತದವರಿಗೂ ಹೇಳಿದೆ. ಅವರು ಮೊದಲು ವಿಚಾರಿಸಿದ್ದು ಕ್ಯಾನುಗಳನ್ನು.

ಈಗ ತೊಟ್ಟಿಯೊಳಗೆ ದಾರಕ್ಕೆ ಕಟ್ಟಿದ ಥರ್ಮಾಮೀಟರ್ ನೇತಾಡುತ್ತದೆ. ನನ್ನ ಕೈಯಿಂದಲೇ ಕೊಂಡದ್ದು. 32 ದಾಟಿದರೆ ಯಾರ ಕಟ್ಟಳೆಯಾದರೂ ಸರಿ, ನಾಯಿ ಇಳಿಯುವುದಿಲ್ಲ. ಫೈಲುಗಳ ಮೇಲಿನ ‘ಸೋಮಾರಿ’, ‘ನಾಟಕ’ ಇತ್ಯಾದಿಗಳನ್ನು ಒಂದು ಭಾನುವಾರ ಕುಳಿತು ಹೊಡೆದುಹಾಕಿದೆ. ಮಂಜುಗಡ್ಡೆಯನ್ನೂ ಪ್ರಯತ್ನಿಸಿದೆವು: 25 ಕಿಲೋ ಗಡ್ಡೆ ಕರಗಿ ಮುಗಿದರೂ ಸಾವಿರ ಲೀಟರ್ ನೀರು ಮೂರು ಡಿಗ್ರಿಯೂ ಇಳಿಯಲಿಲ್ಲ. ಚಿಲ್ಲರಿನ ದರಪಟ್ಟಿ ಮೇಲಿನವರ ಮೇಜಿನ ಖಾನೆಯಲ್ಲಿದೆ.

ಗುಂಡ ಮೂರು ವಾರದ ನಂತರ ಬಂದ, ಬೆಳಿಗ್ಗೆ ಏಳಕ್ಕೆ. ತೊಟ್ಟಿಗೆ ಹೋಗುವ ಇಳಿಜಾರಿನ ಬುಡದಲ್ಲಿ ಕುಳಿತು ಏಳಲೇ ಇಲ್ಲ. ಯಜಮಾನರು ಅಂಗಿಯ ತೋಳು ಮಡಚಿ, ನೀರಿಗೆ ಮೊಣಕೈ ಅದ್ದಿ ನೋಡಿದರು. ನಾನು ಪ್ಯಾಂಟು ಮೇಲಕ್ಕೆ ಸುತ್ತಿಕೊಂಡು ಮೊದಲು ಇಳಿದೆ.